ಮೂವರೂ ಒಂದೇ ಜಾಗ ತೋರಿಸಿದ್ದಾರೆ, ಬೋರ್ ತೆಗೆಸಲಾ?

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಐದು ಎಕರೆ ರೋಬಸ್ಟಾ ಕಾಫಿ ತೋಟ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಕೆರೆ ನೀರು ಸಾಲುವುದಿಲ್ಲ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಒಂದು ಜಾಗ ತೋರಿಸಿದರು. ಆಮೇಲೆ ಬಂದ ಇಬ್ಬರು ಮೆಷಿನ್‌ನವರೂ ಅಲ್ಲೇ ನೀರಿದೆ ಅಂದರು. ಬೋರ್ ತೆಗೆಸಬಹುದಾ ಸರ್?

ಉತ್ತರ: ಸ್ವಲ್ಪ ತಡೆಯಿರಿ. ಮೆಷಿನ್‌ನವರು ಕಾಯಿ ತೋರಿಸಿದ ಜಾಗದಲ್ಲಿ ಮಾತ್ರ ಅಳೆದರಾ, ಇಲ್ಲ ತೋಟದ ಬೇರೆ ಕಡೆಯೂ ಅಳೆದರಾ? ಅಲ್ಲೊಂದೇ ಕಡೆ ಅಳೆದಿದ್ದರೆ ಹೋಲಿಸಿ ನೋಡಲು ಏನೂ ಇಲ್ಲ. ತೆಂಗಿನಕಾಯಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕಂದರೆ ಸರಿಯಾಗಿ ಪರೀಕ್ಷೆ ಮಾಡಿದಾಗ ಅದು ಊಹೆಗಿಂತ ಜಾಸ್ತಿ ಏನೂ ಹೇಳಿಲ್ಲ.

ಇನ್ನು ಮೆಷಿನ್. ನೆಲಕ್ಕೆ ಸರಳು ಹೊಡೆದು, ಒಣಗಿದ್ದರೆ ಬುಡಕ್ಕೆ ಉಪ್ಪುನೀರು ಸುರಿದು ಕರೆಂಟ್ ಬಿಡುತ್ತಾರಲ್ಲ, ಅದು ನೀರನ್ನೇ ನೋಡುವುದಿಲ್ಲ, ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಮಾತ್ರ ನೋಡುತ್ತದೆ. ಒದ್ದೆ ಜೇಡಿಮಣ್ಣಿನಲ್ಲೂ ಸಲೀಸಾಗಿ ಹರಿಯುತ್ತದೆ, ಆದರೆ ಜೇಡಿ ನೀರು ಬಿಟ್ಟುಕೊಡುವುದಿಲ್ಲ. ಹಾಗಾಗಿ ಜೇಡಿ ಮೊದಲನೆಯವರಿಗೆ ಮೋಸ ಮಾಡಿದರೆ ಎರಡನೆಯವರಿಗೂ ಮಾಡುತ್ತದೆ. ನಾಲ್ಕು ಸಲಕ್ಕೆ ಒಂದು ಸಲ ತಪ್ಪುವ ಇಬ್ಬರು ಸಾಕ್ಷಿಗಳಿದ್ದಾರೆ ಅಂತಿಟ್ಟುಕೊಳ್ಳಿ. ಇಬ್ಬರ ತಪ್ಪಿಗೂ ಬೇರೆ ಬೇರೆ ಕಾರಣ ಇದ್ದರೆ ಇಬ್ಬರೂ ಒಟ್ಟಿಗೆ ತಪ್ಪುವುದು 16ರಲ್ಲಿ ಒಂದು ಸಲ. ಕಾರಣ ಒಂದೇ ಆದರೆ ಇಬ್ಬರಿದ್ದೂ ಒಬ್ಬರಿದ್ದ ಹಾಗೇ.

ಅದಕ್ಕೇ ಬೇರೆ ಥರದ ಸಾಕ್ಷಿ ಹುಡುಕಿ. ಪಕ್ಕದ ತೋಟದವರ ಬೋರ್‌ಗೆ ಕೇಸಿಂಗ್ (ಮಣ್ಣು ಕುಸಿಯದಂತೆ ಹಾಕುವ ಪೈಪ್) ಎಷ್ಟು ಅಡಿ ಇಳಿಸಿದ್ದರು ಅಂತ ಕೇಳಿ. ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಹಾಕುವುದರಿಂದ ಮೇಲಿನ ಮೆದು ಪದರ ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ. ಕೊರೆದ ಪುಡಿ ಇನ್ನೂ ಬಿದ್ದಿದ್ದರೆ ಕೈಯಲ್ಲಿ ಹಿಡಿದು ನೋಡಿ. ಬರೀ ಬೂದುಕಪ್ಪು ಹಿಟ್ಟಾಗಿದ್ದರೆ ಬಿರುಕಿಲ್ಲದ ಬಂಡೆ ಇರಬಹುದು. ದಪ್ಪ ಚೂರುಗಳಿದ್ದು ಒಂದು ಮುಖದಲ್ಲಿ ತುಕ್ಕಿನ ಬಣ್ಣ ಇದ್ದರೆ ಬಿರುಕಿನಲ್ಲಿ ನೀರು ಓಡಾಡಿದ ಗುರುತು. ನಮ್ಮ ಗಟ್ಟಿಕಲ್ಲಿನ ನೆಲದಲ್ಲಿ ಆಳದ ನೀರು ಇರುವುದೇ ಬಿರುಕಿನಲ್ಲಿ ಅಲ್ವಾ, ನನಗೆ ಆ ಒಂದು ಚೂರು ಇನ್ನೊಂದು ಮೆಷಿನ್ ರಿಪೋರ್ಟಿಗಿಂತ ದೊಡ್ಡದು.

ಇಸ್ರೋದ ಭುವನ್ ಜಾಲತಾಣದಲ್ಲಿ ನಿಮ್ಮ ತೋಟದ ಉಪಗ್ರಹ ಚಿತ್ರವನ್ನೂ ನೋಡಿ. ತೋಡು (ಸಣ್ಣ ಹಳ್ಳ) ಒಂದು ಕಡೆ ಗೆರೆ ಎಳೆದ ಹಾಗೆ ನೇರ ಹರಿದು, ಅದೇ ಗೆರೆಯಲ್ಲಿ ಆಚೆ ಗುಡ್ಡದ ಸೀಳೂ ಕಂಡರೆ ಕೆಳಗೆ ಬಿರುಕಿನ ಸಾಲು ಇರುವ ಸಾಧ್ಯತೆ ಜಾಸ್ತಿ. ಮೆಷಿನ್‌ನವರನ್ನು ಇನ್ನೊಮ್ಮೆ ಕರೆದರೆ ಆ ಗೆರೆಗೆ ಅಡ್ಡಲಾಗಿ ನಾಲ್ಕೈದು ಕಡೆ ಅಳೆಯಲು ಹೇಳಿ, ಕಾಯಿ ತೋರಿಸಿದ ಜಾಗ ಯಾವುದು ಅಂತ ಮಾತ್ರ ಮೊದಲೇ ಹೇಳಬೇಡಿ. ಚಿತ್ರದ ಗೆರೆ, ಪಕ್ಕದವರ ಬೋರ್, ಮೆಷಿನ್ ಮೂರೂ ಹೊಂದಿದರೆ ಬೋರ್ ಕೊರೆಯುವ ರಿಗ್ ಕರೆಸಿ. ಹೊಂದದಿದ್ದರೆ ಈ ವರ್ಷ ಆ ದುಡ್ಡಿನಲ್ಲಿ ಕೆರೆ ಹೂಳು ತೆಗೆಸಿ.