ಮುಂದಿನ ಟ್ರ್ಯಾಕ್ 100 ಮಿಮೀ ಅಗಲ ಮಾಡಿದರೆ ಟೈ ರಾಡ್ ಉದ್ದ ಮಾಡಿದರೆ ಸಾಕಾ?

ಸ್ವಂತವಾಗಿ ಕಟ್ಟುತ್ತಿರುವ ಕಾರಿನ ಮುಂದಿನ ಟ್ರ್ಯಾಕನ್ನು (ಎಡ-ಬಲ ಚಕ್ರಗಳ ನಡುವಿನ ಅಂತರ) 1400ರಿಂದ 1500 ಮಿಮೀಗೆ ಏರಿಸುತ್ತಿದ್ದೀರಿ, ಟೈ ರಾಡ್ (ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಸರಳು) ಎರಡೂ ಕಡೆ 50 ಮಿಮೀ ಉದ್ದ ಮಾಡಿಬಿಟ್ಟರೆ ಆಯ್ತಾ, ಅಕರ್ಮನ್ (ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕಾದ ಲೆಕ್ಕ) ಕೆಡುತ್ತಾ ಅಂತ ಕೇಳಿದ್ದೀರಿ.

ಅಕರ್ಮನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 2400 ಮಿಮೀ ಅಂತಿಟ್ಟುಕೊಳ್ಳಿ. 6 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಸುಮಾರು 4.6 ಡಿಗ್ರಿ ಹೆಚ್ಚು ತಿರುಗಬೇಕಿತ್ತು, ಈಗ 5 ಡಿಗ್ರಿ ಆಗುತ್ತೆ. ಅಷ್ಟೇ. ಕಾಡುವುದು ಬಂಪ್ ಸ್ಟೀರ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗಿಯೇ ತಿರುಗುವುದು.

ಅಗಲ ಹೇಗೆ ಮಾಡ್ತಿದ್ದೀರಿ ಅನ್ನೋದೇ ಮುಖ್ಯ. ಸ್ಪೇಸರ್ (ಹಬ್‌ಗೂ ಚಕ್ರಕ್ಕೂ ನಡುವೆ ಕೂರುವ ದಪ್ಪ ಬಿಲ್ಲೆ) ಹಾಕಿದರೆ ಟೈ ರಾಡ್ ಮುಟ್ಟುವ ಹಾಗೇ ಇಲ್ಲ, ಆದರೆ ಸ್ಕ್ರಬ್ ರೇಡಿಯಸ್ (ಚಕ್ರ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರ) 50 ಮಿಮೀಯಷ್ಟು ವ್ಯತ್ಯಾಸವಾಗಿ, ಒಂದು ಚಕ್ರ ಗುಂಡಿಗೆ ಬಿದ್ದರೂ ಸ್ಟೀರಿಂಗ್ ಕೈ ಜಗ್ಗುತ್ತೆ. ಬೇರಿಂಗ್ ಮೇಲೂ ಹೊರೆ. ಚಕ್ರವನ್ನು ಚಾಸಿಗೆ ಹಿಡಿದಿಡುವ ಮೇಲಿನ, ಕೆಳಗಿನ ಆರ್ಮ್‌ಗಳನ್ನೇ ಉದ್ದ ಮಾಡಿದರೆ ಟೈ ರಾಡನ್ನೂ ಅಷ್ಟೇ ಉದ್ದ ಮಾಡಿ, ಹೆಚ್ಚುಕಮ್ಮಿ ಸರಿಹೋಗುತ್ತೆ.

ನಾನು ಎಡವಿದ್ದು ಮೂರನೇ ದಾರಿಯಲ್ಲಿ. ಆರ್ಮ್ ಹಳೆಯದೇ, 300 ಮಿಮೀ. ಅದು ತಿರುಗುವ ಕೀಲು, ಅಂದರೆ ಪಿವಟ್‌ಗಳನ್ನು ಚಾಸಿಯಲ್ಲಿ 50 ಮಿಮೀ ಹೊರಕ್ಕೆ ಸರಿಸಿದೆ. ಸ್ಟೀರಿಂಗ್ ತಿರುಗಿಸಿದಾಗ ಟೈ ರಾಡ್‌ಗಳನ್ನು ಅಡ್ಡಕ್ಕೆ ತಳ್ಳುವ ರ‍್ಯಾಕ್ ಇದ್ದಲ್ಲೇ ಇತ್ತು, ಟೈ ರಾಡ್ 350 ಆಯ್ತು. ನಿಂತಾಗ ಅಲೈನ್‌ಮೆಂಟ್ ಅಚ್ಚುಕಟ್ಟು! ಉಬ್ಬುತಗ್ಗಿನಲ್ಲಿ ಮಾತ್ರ ಕಾರು ಕುಡಿದವನ ಹಾಗೆ. ಸ್ಪ್ರಿಂಗ್ ಬಿಚ್ಚಿ, ಹಬ್‌ಗೆ (ಚಕ್ರ ಕೂರುವ ಭಾಗಕ್ಕೆ) 600 ಮಿಮೀ ಹಲಗೆ ಬಿಗಿದು, ಜ್ಯಾಕ್‌ನಿಂದ 10 ಮಿಮೀ ಲೆಕ್ಕದಲ್ಲಿ ಎತ್ತುತ್ತಾ ಹಲಗೆಯ ಎರಡೂ ತುದಿ ಅಳೆದೆ. 60 ಮಿಮೀ ಮೇಲೇರುವಷ್ಟರಲ್ಲಿ ಹಲಗೆಯ ಮುಂದಿನ ತುದಿ ಹಿಂದಿನದಕ್ಕಿಂತ 4 ಮಿಮೀ ಒಳಗೆ! ಕೆಳಗಿಳಿಸಿದರೂ ಒಳಗೇ. ಚಿಕ್ಕ ಆರ್ಮ್ ಬಿಗಿಯಾದ ಕಮಾನಿನಲ್ಲಿ ಹಬ್ಬನ್ನು ಒಳಗೆಳೆಯುತ್ತೆ, ಉದ್ದದ ಟೈ ರಾಡ್ ಅಷ್ಟು ಒಳಗೆ ಬರಲ್ಲ. ನನ್ನ ರ‍್ಯಾಕ್ ಆಕ್ಸಲ್‌ನ ಹಿಂದಿದ್ದದ್ದರಿಂದ ಟೋ ಇನ್ (ಚಕ್ರದ ಮುಂಭಾಗ ಒಳಕ್ಕೆ) ಆಯ್ತು, ಮುಂದಿದ್ದಿದ್ದರೆ ಟೋ ಔಟ್ (ಹೊರಕ್ಕೆ).

ಈ ಅಳತೆಯೇ ರೋಗ ಯಾವುದು ಅಂತ ಹೇಳಿಬಿಡುತ್ತೆ. ಏರಿದಾಗಲೂ ಇಳಿದಾಗಲೂ ಟೋ ಒಂದೇ ಕಡೆ ಹೋದರೆ ಟೈ ರಾಡಿನ ಉದ್ದ ತಪ್ಪು; ಏರಿದಾಗ ಒಂದು ಕಡೆ, ಇಳಿದಾಗ ಇನ್ನೊಂದು ಕಡೆ ಹೋದರೆ ಟೈ ರಾಡ್ ಜಾಯಿಂಟಿನ ಎತ್ತರ ತಪ್ಪು. ಎತ್ತರವಾದರೆ ರ‍್ಯಾಕ್ ಕೆಳಗೆ ಶಿಮ್ (ತೆಳು ತಗಡು) ಕೊಟ್ಟು ನೋಡಬಹುದು. ನನ್ನದು ಉದ್ದದ ತಪ್ಪು, ಹಾಗಾಗಿ ಟೈ ರಾಡಿನ ಒಳ ಜಾಯಿಂಟ್‌ಗಳು ಎರಡೂ ಕಡೆ 50 ಮಿಮೀ ಹೊರಗೆ ಬರುವಂಥ ಅಗಲದ ರ‍್ಯಾಕ್ ಹುಡುಕಿ ಕೂರಿಸಿ, ಟೈ ರಾಡನ್ನು ಮತ್ತೆ 300ಕ್ಕೆ ತರಬೇಕಾಯ್ತು.

ಟೈ ರಾಡನ್ನು ಕತ್ತರಿಸಿ ವೆಲ್ಡ್ ಮಾತ್ರ ಮಾಡಬೇಡಿ, ಬೇಕಾದ ಉದ್ದದ್ದನ್ನೇ ಹೊಸದಾಗಿ ಮಾಡಿಸಿ. ಆರ್ಮ್ ಹಿಡಿಯುವ ಬ್ರ್ಯಾಕೆಟ್‌ಗಳಿಗೆ ಸದ್ಯಕ್ಕೆ ಟ್ಯಾಕ್ ವೆಲ್ಡ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಸಾಕು. ಹಲಗೆ ಕಟ್ಟಿ ಅಳೆದ ಮೇಲೆ ಪೂರ್ತಿ ಬೆಸೆಯಿರಿ.