ಸಂಖ್ಯೆ ಒಂದು ಕಾಲಂ, ಯೂನಿಟ್ ಇನ್ನೊಂದು ಕಾಲಂ

ನಮಸ್ಕಾರ. ಸ್ಪ್ರೆಡ್‌ಶೀಟ್‌ನಲ್ಲಿ ಅಳತೆಯನ್ನು "25 ಮಿಲಿಗ್ರಾಂ" ಅಂತ ಒಂದೇ ಸೆಲ್‌ನಲ್ಲಿ ಬರೆಯಬೇಕಾ, ಬೇರೆ ಬೇರೆ ಇಡಬೇಕಾ ಅಂತ ಕೇಳಿದ್ದೀರಿ. ಬೇರೆ ಬೇರೆಯೇ ಇಡಿ. ಒಟ್ಟಿಗೆ ಬರೆದರೆ ಕಂಪ್ಯೂಟರ್‌ಗೆ ಅದು ಬರೀ ಅಕ್ಷರ. ಕೂಡಿಸಲೂ ಆಗುವುದಿಲ್ಲ, ಸರಿಯಾಗಿ ವಿಂಗಡಿಸಲೂ ಆಗುವುದಿಲ್ಲ.

ಯೂನಿಟ್ ಕಾಲಂನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯಲು ಬಿಡಬೇಡಿ. ಯುಸಿಯುಎಂ (UCUM) ಅಂತ ಯೂನಿಟ್‌ಗಳಿಗೆ ಸಿದ್ಧ ಸಂಕೇತಗಳ ಪಟ್ಟಿ ಇದೆ, ಅದನ್ನೇ ಬಳಸಿ. ಅಕ್ಷರದ ಗಾತ್ರದ ಮೇಲೆ ಮಾತ್ರ ಕಣ್ಣಿರಲಿ. ಇಂಗ್ಲಿಷಿನ ಸಣ್ಣ ಎಂ ಹಾಕಿ mg ಅಂತ ಬರೆದರೆ ಮಿಲಿಗ್ರಾಂ, ದೊಡ್ಡ ಎಂ ಹಾಕಿ Mg ಅಂತ ಬರೆದರೆ ಮೆಗಾಗ್ರಾಂ. ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ!

ಆದರೆ ಯೂನಿಟ್ ಒಂದೇ ಸಾಲದು. ಅಳೆದದ್ದು ಏನನ್ನು ಅಂತಲೂ ಬರೆಯಬೇಕು. ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಟಾರ್ಕ್ (ತಿರುಗಿಸುವ ಬಲದ ಅಳತೆ) ಮತ್ತು ಶಕ್ತಿ (ಎನರ್ಜಿ), ಎರಡನ್ನೂ ಮೂಲ ಯೂನಿಟ್‌ಗಳಿಗೆ ಬಿಡಿಸಿದರೆ ಒಂದೇ ರೂಪ ಬರುತ್ತದೆ. ಹಾಗಂತ ಅವೆರಡನ್ನು ಕೂಡಿಸಲು ಆಗುವುದಿಲ್ಲ ಅಲ್ವಾ? ತಾಪಮಾನದ್ದು ಇನ್ನೂ ಸೂಕ್ಷ್ಮ. ನೀರು 10 ಡಿಗ್ರಿ ಸೆಲ್ಸಿಯಸ್ ಇದೆ ಅಂದರೆ ಅದು 50 ಡಿಗ್ರಿ ಫ್ಯಾರನ್‌ಹೀಟ್. ಅದೇ ನೀರಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿತು ಅಂದರೆ ಏರಿಕೆ 18 ಡಿಗ್ರಿ ಫ್ಯಾರನ್‌ಹೀಟ್ ಅಷ್ಟೇ, ಮೊದಲಿನ ಲೆಕ್ಕದ ಹಾಗೆ 32 ಸೇರಿಸುವಂತಿಲ್ಲ. ಕಾಲಂಗೆ ಸುಮ್ನೆ "ತಾಪಮಾನ" ಅಂತ ಹೆಸರಿಟ್ಟರೆ ಆಮೇಲೆ ಓದುವವರಿಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು. ಸ್ಪ್ರೆಡ್‌ಶೀಟ್ 2.50 ಅನ್ನು 2.5 ಮಾಡಿಬಿಡುತ್ತದೆ, ಅಳತೆ ಎಷ್ಟು ನಿಖರ ಅನ್ನುವ ಸುಳಿವು ಅಲ್ಲೇ ಹೋಯಿತು. ಅದಕ್ಕೇ ಅನಿಶ್ಚಿತತೆಗೂ, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಇರಬಹುದು ಅನ್ನುವುದಕ್ಕೂ, ಒಂದು ಕಾಲಂ ಇಡಿ. ಯೂನಿಟ್ ಬದಲಾಯಿಸಿದರೆ ಹೊಸ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ, ಉಪಕರಣ ತೋರಿಸಿದ ಸಂಖ್ಯೆಯನ್ನು ಅಳಿಸಬೇಡಿ.