ಬೆಳಿಗ್ಗೆ ನೀರಿನ ಸಂಪ್‌ಗೆ ಕ್ಲೋರಿನ್ ಹಾಕಿದರೆ ಸಂಜೆಗೆ ಸೊನ್ನೆ. ಡೋಸ್ ಜಾಸ್ತಿ ಮಾಡಬೇಕಾ, ತಾನಾಗಿಯೇ ಕ್ಲೋರಿನ್ ಹಾಕುವ ಆಟೋ ಡೋಸರ್ ಹಾಕಿಸಬೇಕಾ?

ಎರಡೂ ಬೇಡ. ನಿಮ್ಮ ಕ್ಲೋರಿನ್ ಎಲ್ಲಿ ಖರ್ಚಾಗುತ್ತಿದೆ ಅಂತ ಮೊದಲು ಹುಡುಕಿ.

ನಿಮ್ಮ ಪ್ರಶ್ನೆ ಓದಿದ ಕೂಡಲೇ 2019ರ ಮಳೆಗಾಲ ನೆನಪಾಯಿತು. ಆಗ ಬನಶಂಕರಿ ಮೂರನೇ ಹಂತದಲ್ಲಿ 24 ಮನೆಗಳ ನಮ್ಮ ಅಪಾರ್ಟ್‌ಮೆಂಟಿಗೆ ನಾನೇ ಸೆಕ್ರೆಟರಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಸಾಲದಿದ್ದರೆ ಟ್ಯಾಂಕರ್. ಪಾರ್ಕಿಂಗ್ ಕೆಳಗೆ 40,000 ಲೀಟರಿನ ಸಂಪ್. ಲೀಟರಿಗೆ 1 ಮಿಲಿಗ್ರಾಂ ಬೇಕು ಅಂದರೆ 40 ಗ್ರಾಂ ಕ್ಲೋರಿನ್, ಬ್ಲೀಚಿಂಗ್ ಪೌಡರಿನಲ್ಲಿ 30% ಕ್ಲೋರಿನ್ ಇದ್ದರೆ ಸುಮಾರು 135 ಗ್ರಾಂ ಪುಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಸಂಪಿಗೆ ಸುರಿಯುತ್ತಿದ್ದೆವು. ಜುಲೈವರೆಗೂ ಎಲ್ಲ ಸರಿಯಾಗಿಯೇ ನಡೆಯಿತು.

ಆಮೇಲೆ ನಿಮ್ಮ ಹಾಗೇ ಸಂಜೆಗೆ ಸೊನ್ನೆ. ಪುಡಿ ಹಳೆಯದಾಗಿರಬೇಕು ಅಂದುಕೊಂಡೆ. ಬಾಯಿ ತೆರೆದಿಟ್ಟ ಪುಡಿ ಬೇಗ ಶಕ್ತಿ ಕಳೆದುಕೊಳ್ಳುವುದು ನಿಜ. ಹೊಸ ಪ್ಯಾಕೆಟ್ ತಂದು 200 ಗ್ರಾಂ ಹಾಕಿದೆ, ಆಮೇಲೆ 300. ಒಂದು ದಿನ ಟೆಸ್ಟ್ ಟ್ಯೂಬ್ ಚೆನ್ನಾಗಿ ಹಳದಿಯಾಯಿತು. ಸಮಾಧಾನವಾಗಿ ರಿಜಿಸ್ಟರಿನಲ್ಲಿ 'ಓಕೆ' ಅಂತ ಬರೆದೆ.

ಆ ಹಳದಿಯನ್ನು ನಂಬಿದ್ದೇ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದೇ ಕಿಟ್ ಇಟ್ಟುಕೊಂಡಿರಬಹುದು. ನನ್ನ ಹತ್ತಿರ ಇದ್ದದ್ದು ಓಟಿ ಕಿಟ್, ಅಂದರೆ ಆರ್ಥೋಟಾಲಿಡಿನ್ ಹನಿ. ನೀರಿನಲ್ಲಿ ಕ್ಲೋರಿನ್ ಎರಡು ತರ ಇರುತ್ತದೆ. ಒಂದು ಫ್ರೀ ಕ್ಲೋರಿನ್, ರೋಗಾಣುಗಳನ್ನು ಬೇಗ ಕೊಲ್ಲುವುದು ಇದೇ. ನೀರಿಗೆ ಕೊಳಚೆ ಸೇರಿದರೆ ಅದರ ಜೊತೆ ಅಮೋನಿಯಾ ಬರುತ್ತದೆ, ಕ್ಲೋರಿನ್ ಅದಕ್ಕೆ ಅಂಟಿಕೊಂಡು ಕ್ಲೋರಮೈನ್ ಆಗುತ್ತದೆ. ಅದೂ ಕೊಲ್ಲುತ್ತದೆ, ಆದರೆ ತುಂಬಾ ನಿಧಾನ. ಓಟಿ ಹನಿ ಹಾಕಿದರೆ ಎರಡಕ್ಕೂ ಹಳದಿಯೇ ಬರುವುದು! ಫ್ರೀ ಕ್ಲೋರಿನ್ ಇದ್ದರೆ ಹನಿ ಬಿದ್ದ ಕೆಲವೇ ಸೆಕೆಂಡಿನಲ್ಲಿ ಬಣ್ಣ ಬರುತ್ತದೆ, ಕ್ಲೋರಮೈನ್ ಇದ್ದರೆ ನಿಧಾನವಾಗಿ ಏರುತ್ತದೆ, ಇರುವ ವ್ಯತ್ಯಾಸ ಅಷ್ಟೇ. ನಾನೇನು ಮಾಡುತ್ತಿದ್ದೆ ಗೊತ್ತಾ? ಹನಿ ಹಾಕಿ, ಟ್ಯೂಬನ್ನು ಮೀಟರ್ ಬೋರ್ಡಿನ ಮೇಲಿಟ್ಟು, ಮೋಟರ್ ಆನ್ ಮಾಡಿ, ವಾಚ್‌ಮನ್ ಹತ್ತಿರ ಎರಡು ಮಾತಾಡಿ, ಐದು ನಿಮಿಷ ಬಿಟ್ಟು ಬಂದು ನೋಡುತ್ತಿದ್ದೆ. ಅಷ್ಟು ಹೊತ್ತಿಗೆ ಯಾವ ಕ್ಲೋರಿನ್ನಿಂದ ಬಣ್ಣ ಬಂತು ಅಂತ ಹೇಗೆ ಗೊತ್ತಾಗಬೇಕು? ಮೂರು ವಾರ ನಾನು ಬರೆದ 'ಓಕೆ' ಎಲ್ಲ ಕ್ಲೋರಮೈನಿನದು. ನಲ್ಲಿಯಲ್ಲಿ ಔಷಧಿ ತರ ವಾಸನೆ ಅಂತ ಜನ ಹೇಳಿದಾಗ, ಕ್ಲೋರಿನ್ ಜಾಸ್ತಿ ಇದೆ ಬಿಡಿ, ಒಳ್ಳೆಯದೇ ಅಂದಿದ್ದೆ. ಆ ವಾಸನೆಯೂ ಹೆಚ್ಚಾಗಿ ಹೀಗೆ ಅಂಟಿಕೊಂಡ ಕ್ಲೋರಿನ್ನಿನದೇ.

ಆಗಸ್ಟ್ ಕೊನೆಗೆ ಒಂದೇ ವಾರದಲ್ಲಿ ಒಂಬತ್ತು ಜನಕ್ಕೆ ವಾಂತಿ, ಭೇದಿ. ಎರಡನೇ ಮಹಡಿಯ ಅಜ್ಜಿಗೆ ಮೂರು ದಿನ ಡ್ರಿಪ್ ಹಾಕಿದರು. ಎಲ್ಲರ ಮನೆಯಲ್ಲೂ ಆರ್‌ಒ ಇತ್ತು. ಆದರೆ ಹಲ್ಲುಜ್ಜುವುದು, ತರಕಾರಿ ತೊಳೆಯುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು ಎಲ್ಲ ನಲ್ಲಿ ನೀರಿನಲ್ಲೇ ಅಲ್ವಾ?

ನಮ್ಮ ಪ್ಲಂಬರ್, "ಸಾರ್, ಸಂಪ್ ಪೂರ್ತಿ ಖಾಲಿ ಮಾಡಿ ನೋಡೋಣ" ಅಂದರು. ಮುಚ್ಚಳ ತೆಗೆದು, ಒಂದು ರಾತ್ರಿ ಗಾಳಿಯಾಡಲು ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಅವರು ಇಳಿದದ್ದು. ಸುಮ್ನೆ ಯಾರನ್ನೂ ಸಂಪಿಗೆ ಇಳಿಸಬೇಡಿ, ಒಳಗೆ ಉಸಿರು ಕಟ್ಟುತ್ತದೆ. ನಾನು ಮೇಲಿಂದ ಟಾರ್ಚ್ ಹಿಡಿದಿದ್ದೆ. ರಸ್ತೆ ಕಡೆ ಗೋಡೆಯಲ್ಲಿ, ಸಂಪಿನ ತಳದಿಂದ ಒಂದು ಮೊಳ ಮೇಲೆ, ಕಪ್ಪಗೆ ಲೋಳೆಲೋಳೆಯಾದ ಒಂದು ಗೆರೆ. ಕೂದಲಿನಂಥ ನಾಲ್ಕೈದು ಬೇರು ಹೊರಗೆ ಬಂದಿದ್ದವು. ಅವುಗಳ ತುದಿಯಿಂದ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಗೋಡೆಯಿಂದ ಆಚೆ ನಾಲ್ಕಡಿ ದೂರದಲ್ಲಿ ನಮ್ಮದೇ ಯುಜಿಡಿ, ಅಂದರೆ ಒಳಚರಂಡಿ ಚೇಂಬರ್. ಸಂಪ್ ತುಂಬಿದ್ದಾಗ ಒಳಗಿನ ನೀರು ಹೊರಗೆ ತಳ್ಳುತ್ತಿತ್ತು. ಕಾವೇರಿ ಬರುವ ಹಿಂದಿನ ದಿನ ಮಟ್ಟ ಇಳಿದಾಗ ಚೇಂಬರಿನ ನೀರು ಒಳಗೆ ಬರುತ್ತಿತ್ತು. ಮಳೆಯಲ್ಲಿ ಚೇಂಬರ್ ಕಟ್ಟಿಕೊಂಡರೆ ಇನ್ನೂ ಜೋರು.

ಬೀದಿಯ ಪೈಪಿನಲ್ಲೂ ಹೀಗೇ. ನೀರು ಬಿಡದ ದಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಜಾಯಿಂಟ್ ಸೋರುವ ಕಡೆ ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಅದಕ್ಕೇ ಕೊನೆಯ ನಲ್ಲಿಯವರೆಗೂ ಸ್ವಲ್ಪ ಕ್ಲೋರಿನ್ ಉಳಿಯಬೇಕು ಅನ್ನುವುದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ವೈರಸ್ ರೋಗದ ಭಯ ಇದ್ದರೆ 0.5. ಕಾವೇರಿ ನೀರು ಶುದ್ಧ ಮಾಡುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಬರುವ ನೀರಿನಲ್ಲಿ ಕ್ಲೋರಿನ್ ದಾರಿಯುದ್ದಕ್ಕೂ ಸವೆಯುತ್ತದೆ. ಅಷ್ಟು ಉದ್ದದ ಲೈನ್ ಇದ್ದರೆ ನಡುವೆ ಮತ್ತೆ ಕ್ಲೋರಿನ್ ಕೊಡಬೇಕಾಗುತ್ತದೆ. ಆದರೆ ದಾರಿಯಲ್ಲಿ ಸವೆಯುವುದು ಬೇರೆ, ಒಂದು ಸಂಪಿನಲ್ಲಿ ಹತ್ತು ಗಂಟೆಯಲ್ಲಿ ಮಾಯವಾಗುವುದು ಬೇರೆ.

ಈಗ ನೀವು ಮಾಡಬೇಕಾದ್ದು. ಓಟಿ ಕಿಟ್ ಬಿಸಾಕಿ, ಡಿಪಿಡಿ ಕಿಟ್ ತನ್ನಿ. ಅದರಲ್ಲಿ ಫ್ರೀ ಕ್ಲೋರಿನ್ ಇದ್ದರೆ ನೀರು ತಕ್ಷಣ ಗುಲಾಬಿಯಾಗುತ್ತದೆ, ಕೂಡಲೇ ಓದಿ ಬರೆದುಕೊಳ್ಳಿ. ಆಮೇಲೆ ಬಾಟಲಿ ಟೆಸ್ಟ್. ಬೆಳಿಗ್ಗೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು, ಸಂಪಿನ ನೀರನ್ನೇ ಶುದ್ಧವಾದ ಗಾಜಿನ ಬಾಟಲಿಯಲ್ಲಿ ಅಂಚಿನವರೆಗೂ ತುಂಬಿ, ಪೇಪರ್ ಸುತ್ತಿ ಕತ್ತಲಲ್ಲಿಡಿ, ಬಿಸಿಲಿಗೆ ಕ್ಲೋರಿನ್ ನಿಲ್ಲುವುದಿಲ್ಲ. ಸಂಜೆ ಬಾಟಲಿ, ಸಂಪ್ ಎರಡನ್ನೂ ನೋಡಿ. ಎರಡರಲ್ಲೂ ಸೊನ್ನೆಯಾದರೆ ನೀರಿನಲ್ಲೇ ಏನೋ ಇದೆ: ಟ್ಯಾಂಕರ್ ನೀರು, ಬೋರ್‌ವೆಲ್ಲಿನ ಕಬ್ಬಿಣ, ಅಥವಾ ಆಗಲೇ ಸೇರಿದ ಕೊಳಚೆ. ಬಾಟಲಿಯಲ್ಲಿ ಉಳಿದು ಸಂಪಿನಲ್ಲಿ ಹೋಗಿದ್ದರೆ ಗೋಡೆಯ ಲೋಳೆ, ತಳದ ಕೆಸರು, ಇಲ್ಲವೇ ಬಿರುಕು. ಈ ಟೆಸ್ಟನ್ನು ಸಂಪ್ ತುಂಬಿದ ದಿನ ಒಮ್ಮೆ, ತಳ ಹಿಡಿದ ದಿನ ಇನ್ನೊಮ್ಮೆ ಮಾಡಿ. ತುಂಬಿದ ದಿನ ಮಾತ್ರ ಮಾಡಿದರೆ ನಮ್ಮಂಥ ಬಿರುಕು ಸಿಕ್ಕುವುದೇ ಇಲ್ಲ.

ಆಟೋ ಡೋಸರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಈಗ ಹಾಕಿಸಿದರೆ ಅದು ಕ್ಲೋರಿನ್ ಸುರಿಯುತ್ತಲೇ ಇರುತ್ತದೆ, ಸಂಜೆಯ ಆ ಸೊನ್ನೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಾವು ಚೇಂಬರ್ ದೂರ ಸರಿಸಿ, ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಸಂಪನ್ನು ಗಟ್ಟಿ ಬ್ಲೀಚಿಂಗ್ ನೀರಿನಲ್ಲಿ ತೊಳೆಸಿದೆವು. ಆಮೇಲಿಂದ ಅದೇ 135 ಗ್ರಾಂ ಪುಡಿಗೆ ಮರುದಿನ ಬೆಳಿಗ್ಗೆಯೂ 0.3 ಉಳಿಯುತ್ತಿದೆ.

ನಿಮ್ಮ ಚೇಂಬರ್ ಸಂಪಿನಿಂದ ಎಷ್ಟು ಅಡಿ ದೂರದಲ್ಲಿದೆ? ಅಳೆದು ಬರೆಯಿರಿ. ಅಲ್ಲಿಯವರೆಗೆ ಎಲ್ಲ ಮನೆಗೂ ನೀರು ಕುದಿಸಿಕೊಳ್ಳಲು ಇವತ್ತೇ ಹೇಳಿ.